ಬಸವನಗುಡಿ ಮಲ್ಲೇಶ್ವರಗಳ ಉತ್ಪತ್ತಿ ವಿಚಾರ

ಬೆಂಗಳೂರಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆ, ಪೇಟೆ, ದಂಡು ಎಂಬ ಮೂರನ್ನು ಕುರಿತೇ ಬರೆದಿರುವರು. ಈ ಮೂರರಲ್ಲಿಯೂ ಯುದ್ಧವುಂಟು, ವ್ಯಾಪಾರವುಂಟು, ರಾಜಕಾರಣವುಂಟು. ಆದುದರಿಂದ ಚರಿತ್ರಕಾರನಿಗೆ ಸಾಮಗ್ರಿಯ ಕೊರತೆಯಿಲ್ಲ. ಪೇಟೆಯ ದಕ್ಷಿಣಕ್ಕೂ ವಾಯವ್ಯಕ್ಕೂ ಹಬ್ಬಿದ ಬಡಾವಣೆಗಳ ಮಾತು ಬಂದಾಗ ಮಾತ್ರ ಅವರ ಲೇಖನಿ ಒಂದೇ ವಾಕ್ಯಕ್ಕೆ ನಿಲ್ಲುತ್ತದೆ: 1898ರಲ್ಲಿ ಪ್ಲೇಗು ಬಂದಿತು, ಜನರು ಊರು ಬಿಟ್ಟರು, ಬಸವನಗುಡಿಯೂ ಮಲ್ಲೇಶ್ವರವೂ ಹುಟ್ಟಿದವು. ಈ ವಾಕ್ಯವು ಸುಳ್ಳಲ್ಲ. ಆದರೆ ಪೂರ್ತಿಯಾಗಿ ನಿಜವೂ ಅಲ್ಲ. ಒಂದು ರೋಗವು ಜನರನ್ನು ಓಡಿಸಬಲ್ಲುದೇ ಹೊರತು ಬೀದಿಗಳನ್ನು ಎಳೆಯಲಾರದು. ಬೀದಿಯನ್ನು ಎಳೆದವರಾರು, ಯಾವ ಭಾವನೆಯಿಂದ ಎಳೆದರು, ಯಾರಿಗಾಗಿ ಎಳೆದರು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಕಾಲ್ನಡಿಗೆಗೆ ಅನುಕೂಲವಾದ ಹಳೆಯ ಬಡಾವಣೆಗಳೆಂದು ಈ ಎರಡು ಸ್ಥಳಗಳನ್ನು ಈಗ ಎಲ್ಲರೂ ಹೊಗಳುತ್ತಿರುವುದರಿಂದ, ಆ ಅನುಕೂಲವು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಮೊದಲು ಪೇಟೆಯನ್ನು ನೋಡಬೇಕು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಊರು ಮಣ್ಣಿನ ಕೋಟೆಯೊಳಗಿನ ಪೇಟೆ. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ಒಂದನ್ನೊಂದು ಕತ್ತರಿಸುವಲ್ಲಿ ಅದರ ನಡುವೂ, ಅವುಗಳ ಸುತ್ತಲೂ ಕಸುಬಿಗೊಂದು ಸರಕಿಗೊಂದು ಎಂಬಂತೆ ಕೇರಿಗಳೂ ಇದ್ದುವು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಇಲ್ಲಿ ಮನೆಯೆಂಬುದೂ ಅಂಗಡಿಯೆಂಬುದೂ ಬೇರೆಯಾಗಿರಲಿಲ್ಲ. ಮುಂದಿನ ಜಗಲಿಯಲ್ಲಿ ವ್ಯಾಪಾರ, ಹಿಂದೆ ಸಂಸಾರ. ಕೆಲವು ಕಡೆ ನೆಲದ ಮೇಲೆ ಮಗ್ಗ, ಅಟ್ಟದ ಮೇಲೆ ದವಸ. ಕೆಲಸಕ್ಕೆ ಹೋಗುವುದೆಂಬ ಕ್ರಿಯೆಯೇ ಬಹುಮಂದಿಗೆ ಇಲ್ಲದಿದ್ದುದರಿಂದ ದೂರದ ಪ್ರಶ್ನೆ ಏಳುತ್ತಿರಲಿಲ್ಲ. ಗೋಡೆಗೆ ಗೋಡೆ ಹತ್ತಿ, ಇಬ್ಬರು ಎದುರುಬದುರಾಗಿ ಬಂದರೆ ಒಬ್ಬನು ಒರಗಿ ನಿಲ್ಲಬೇಕಾದ ಓಣಿಗಳಲ್ಲಿ ಊರು ನೂರಾರು ವರ್ಷ ಬಾಳಿತು. 1791ರಲ್ಲಿ ಕಾರನ್‌ವಾಲಿಸನ ಸೈನ್ಯವು ನುಗ್ಗಿದಾಗಲೂ, 1831ರಲ್ಲಿ ಆಡಳಿತವು ಕಮಿಷನರುಗಳ ಕೈಗೆ ಹೋದಾಗಲೂ ಈ ಬಾಳಿನ ಕ್ರಮ ಬದಲಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಟೆಯ ಗೋಡೆ ಬಿದ್ದು ಕಂದಕ ಮುಚ್ಚಿದ ಮೇಲೂ, ಗೋಡೆಯಿದ್ದ ಗೆರೆಯನ್ನು ದಾಟಿ ಮನೆ ಕಟ್ಟುವವರು ವಿರಳರಾಗಿದ್ದರು.

ಬೇರೊಂದು ಬಗೆಯ ವಾಸವನ್ನು ಪೇಟೆಯ ಜನರು ಕಂಡದ್ದು ದಂಡಿನಲ್ಲಿ. 1809ರಿಂದ ಬೆಳೆದ ಆ ಊರಿನಲ್ಲಿ ಅಧಿಕಾರಿಯ ಬಂಗಲೆಗೆ ನಾಲ್ಕು ಕಡೆಯೂ ಬಯಲು, ಬಯಲಿನಲ್ಲಿ ಮರ, ಮರದಾಚೆ ಕಾಂಪೌಂಡು. ಮನೆಯು ಬೀದಿಗೆ ಅಂಟದೆ ದೂರ ಸರಿದು ನಿಲ್ಲುವುದು ದೊಡ್ಡಸ್ತಿಕೆಯ ಗುರುತು ಎಂಬ ಭಾವನೆ ಅಲ್ಲಿಂದ ಹುಟ್ಟಿತು. ಆದರೆ ಬಂಗಲೆಯ ಬಾಳು ಕುದುರೆಯಿದ್ದವನ ಬಾಳು. ಪೇಟೆಯ ಗುಮಾಸ್ತನಿಗೆ ಅದನ್ನು ನೋಡುವುದು ಸಾಧ್ಯವಿತ್ತು, ಅನುಕರಿಸುವುದು ಸಾಧ್ಯವಿರಲಿಲ್ಲ. ಮುಂದೆ ಬಂದ ಬಡಾವಣೆಗಳು ಪೇಟೆಯ ನಡಿಗೆಯನ್ನೂ ದಂಡಿನ ಕಾಂಪೌಂಡನ್ನೂ ಒಂದುಗೂಡಿಸಿದುವೆಂದು ಸ್ಥೂಲವಾಗಿ ಹೇಳಬಹುದು.

1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಿತು. 1883ರಿಂದ 1901ರ ವರೆಗೆ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದರು. ಹುಜೂರು ಕಛೇರಿಗಳು ಬೆಂಗಳೂರಿನಲ್ಲಿ ಬೆಳೆದಂತೆಲ್ಲ ವ್ಯಾಪಾರಿಯೂ ಅಲ್ಲದ, ಕಸುಬುದಾರನೂ ಅಲ್ಲದ ಒಂದು ಹೊಸ ವರ್ಗವು ಊರಿಗೆ ಬಂದು ಸೇರಿತು: ಕಛೇರಿಯ ನೌಕರರು, ವಕೀಲರು, ಉಪಾಧ್ಯಾಯರು, ಇಂಜಿನಿಯರುಗಳು. ಇವರಿಗೆ ಜಗಲಿಯ ಅಂಗಡಿ ಬೇಕಾಗಿರಲಿಲ್ಲ. ಇವರ ಕೆಲಸವು ಮನೆಯ ಹೊರಗಿನದು. ಮನೆಗೆ ಬಂದ ಮೇಲೆ ಬೇಕಾದುದು ಓದುವುದಕ್ಕೆ ಬೆಳಕು, ಮಡಿಗೆ ನೀರು, ಮಕ್ಕಳಿಗೆ ಶಾಲೆ. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜೇಂದ್ರಪೇಟೆಯೂ, ಉತ್ತರಕ್ಕೆ ಶೇಷಾದ್ರಿಪುರವೂ ಏರ್ಪಟ್ಟುದು ಇವರಿಗಾಗಿ. ಚಾಮರಾಜ ಒಡೆಯರು ತೀರಿಕೊಂಡುದು 1894ರ ಡಿಸೆಂಬರಿನಲ್ಲಾದುದರಿಂದ ಆ ಹೆಸರು ಅವರ ಜೀವಿತಕಾಲದಲ್ಲಿಯೇ ಬಂದದ್ದೆಂಬುದು ಸ್ಪಷ್ಟ. ಅಂದರೆ ಪ್ಲೇಗಿಗೆ ಆರು ವರ್ಷ ಮುಂಚೆಯೇ, ನೇರವಾದ ಬೀದಿ, ಅದನ್ನು ಸಮಾನಾಂತರದಲ್ಲಿ ಕತ್ತರಿಸುವ ಅಡ್ಡಬೀದಿ, ಅಳೆದು ಕೊಟ್ಟ ನಿವೇಶನ ಎಂಬ ಕ್ರಮವು ಬೆಂಗಳೂರಿನಲ್ಲಿ ಬೇರೂರಿತ್ತು. ರೋಗವು ಬಂದು ಮಾಡಿದುದು ಈ ಕ್ರಮವನ್ನು ತ್ವರೆಗೊಳಿಸಿದುದು ಮಾತ್ರ.

ಇನ್ನೊಂದು ಸಂಗತಿಯನ್ನು ಚರಿತ್ರಕಾರರು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ; ಅದು ನೀರು. ಪೇಟೆಯು ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿದ ಊರು. ಅಂಥ ಊರು ತಗ್ಗನ್ನು ಬಿಟ್ಟು ಬಹುದೂರ ಏರಲಾರದು. ಬಸವನಗುಡಿಯೂ ಮಲ್ಲೇಶ್ವರವೂ ದಿಣ್ಣೆಯ ಮೇಲಿನ ಸ್ಥಳಗಳು. ಒಂದರ ನೆತ್ತಿಯಲ್ಲಿ ಕಹಳೆಬಂಡೆಯೂ ಇನ್ನೊಂದರಲ್ಲಿ ಮಲ್ಲಿಕಾರ್ಜುನನ ಗುಡ್ಡವೂ ಇವೆ. ಅರ್ಕಾವತಿಯ ನೀರನ್ನು ಹೆಸರುಘಟ್ಟದಲ್ಲಿ ತಡೆದು ಕೊಳಾಯಿಯ ಮೂಲಕ ತರುವ ಚಾಮರಾಜೇಂದ್ರ ಜಲಾಗಾರದ ಕೆಲಸವು 1896ರಲ್ಲಿ ಫಲಕ್ಕೆ ಬಂದ ಮೇಲೆ ಮಾತ್ರ ಎತ್ತರದ ಬಯಲು ವಾಸಯೋಗ್ಯವಾಯಿತು. ನೀರನ್ನು ಶುದ್ಧಿಮಾಡುವ ಯಂತ್ರಗಳನ್ನು ಮಲ್ಲೇಶ್ವರದಲ್ಲಿ ನಿಲ್ಲಿಸಿದರು. ಜುಯೆಲ್ ಫಿಲ್ಟರ್ಸ್ ಎಂಬ ಆ ಯಂತ್ರಗಳ ಹೆಸರು ಸ್ಥಳನಾಮವಾಗಿ ಉಳಿದಿದೆ. ನಲ್ಲಿಯ ನೀರು ಜಾತಿಗೆ ಭಂಗವೋ ಅಲ್ಲವೋ ಎಂದು ವಾದಿಸುತ್ತಿದ್ದ ಹಿರಿಯರೂ ಹತ್ತು ವರ್ಷದೊಳಗೆ ನಲ್ಲಿಯ ಬಳಿಯೇ ಕೊಡವಿಟ್ಟರು. ನೀರು ಮೊದಲು, ರೋಗ ಆಮೇಲೆ, ಬಡಾವಣೆ ಅನಂತರ ಎಂಬ ಈ ಕಾಲಕ್ರಮವನ್ನು ಮರೆತರೆ ಕಾರಣವೂ ಕಾರ್ಯವೂ ಅದಲುಬದಲಾಗುತ್ತವೆ.

ಇನ್ನು ರೋಗದ ವಿಚಾರ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿಯ ಕಡೆಯಿಂದ ಅದು ಬೆಂಗಳೂರನ್ನು ಮುಟ್ಟಿದುದು 1898ರ ಆಗಸ್ಟ್ ತಿಂಗಳಲ್ಲಿ. ಗಾಳಿಯಾಡದ ಮನೆಗಳಲ್ಲಿ, ದವಸದ ಮೂಟೆಗಳ ನಡುವೆ, ಇಲಿಯೂ ಮನುಷ್ಯನೂ ಒಂದೇ ಸೂರಿನಲ್ಲಿ ಬಾಳುತ್ತಿದ್ದ ಪೇಟೆಯಲ್ಲಿ ಅದು ಮಾಡಿದ ಹಾವಳಿಯನ್ನು ಜನಗಣತಿಯ ಅಂಕೆಗಳಿಂದ ಊಹಿಸಬಹುದು. ಪೇಟೆ ದಂಡುಗಳೆರಡೂ ಸೇರಿ 1891ರಲ್ಲಿ 1,80,366 ಮಂದಿ ಇದ್ದ ಊರಿನಲ್ಲಿ 1901ರಲ್ಲಿ ಉಳಿದವರು 1,59,046. ಇವರಲ್ಲಿ ಪೇಟೆಯ ಭಾಗಕ್ಕೆ ಸೇರಿದವರು 69,447. ಕಡಮೆಯಾದವರೆಲ್ಲ ಸತ್ತವರಲ್ಲ, ಬಹುಮಂದಿ ಹಳ್ಳಿಗಳಿಗೆ ಓಡಿದವರು. 1911ರ ಹೊತ್ತಿಗೆ ಸಂಖ್ಯೆಯು 1,89,485ಕ್ಕೆ ಏರಿದುದರಿಂದಲೂ ಇದು ವ್ಯಕ್ತವಾಗುತ್ತದೆ. ಆದರೂ ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ಕುಗ್ಗಿದುದು ಸಾಮಾನ್ಯ ಸಂಗತಿಯಲ್ಲ. ಪ್ಲೇಗು ಕಮಿಷನರಾಗಿ ನಿಯಮಿತರಾದವರು ವಿ. ಪಿ. ಮಾಧವರಾಯರು, ಇವರೇ ಮುಂದೆ 1906ರಲ್ಲಿ ದಿವಾನರಾದರು. ಮನೆಯ ಹೆಂಚು ಕೀಳಿಸಿ ಬಿಸಿಲು ಬಿಡಿಸುವುದು, ಸೋಂಕಿದವರನ್ನು ಬೇರೆ ಮಾಡುವುದು, ಸೋಂಕದವರನ್ನು ಊರ ಹೊರಗಿನ ಷೆಡ್ಡುಗಳಿಗೆ ಸಾಗಿಸುವುದು ಮೊದಲಾದ ಕ್ರಮಗಳು ನಡೆದುವು. ಜನರಿಗೆ ರೋಗಕ್ಕಿಂತ ಈ ಕ್ರಮಗಳ ಭಯವೇ ಹೆಚ್ಚಾಗಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅದೇ ವರ್ಷ ದೊಂಬಿಯೇ ನಡೆಯಿತು. ಬೆಂಗಳೂರಿನ ಜನರು ದೊಂಬಿ ಎಬ್ಬಿಸಲಿಲ್ಲ. ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿದರು, ಬಯಲಿಗೆ ಹೋಗಿ ಜೋಪಡಿ ಹಾಕಿದರು. ಬಯಲಿನಲ್ಲಿ ಕೆಲವು ತಿಂಗಳು ಮಲಗಿ ಎದ್ದವನಿಗೆ ಪೇಟೆಯ ಕತ್ತಲೆಯ ಕೋಣೆಗೆ ಮರಳುವ ಮನಸ್ಸು ಬಾರದಿದ್ದುದು ಸಹಜವೇ. ಸರ್ಕಾರದ ನಕ್ಷೆಯೂ ಜನರ ಮನಸ್ಸೂ ಒಂದೇ ಕಡೆ ತಿರುಗಿದುದು ಈ ತಿಂಗಳುಗಳಲ್ಲಿ.

ದಕ್ಷಿಣದಲ್ಲಿ 440 ಎಕರೆಗಳ ಬಸವನಗುಡಿ, ವಾಯವ್ಯದಲ್ಲಿ 291 ಎಕರೆಗಳ ಮಲ್ಲೇಶ್ವರ ಹೀಗೆ ಏರ್ಪಟ್ಟುವು. ಇವುಗಳ ಹೆಸರುಗಳನ್ನು ಕುರಿತು ಒಂದು ಮಾತು. ಬೆಂಗಳೂರಿನ ಸ್ಥಳನಾಮಗಳನ್ನು ಕಾಲಾನುಕ್ರಮವಾಗಿ ಓದಿದರೆ ಊರಿನ ಮನಸ್ಸಿನ ಚರಿತ್ರೆಯೇ ದೊರೆಯುತ್ತದೆ. ಹಳೆಯ ಪೇಟೆಗಳಿಗೆ ಸರಕಿನ ಹೆಸರು, ಕಸುಬಿನ ಹೆಸರು. ಚಾಮರಾಜಪೇಟೆಗೆ ದೊರೆಯ ಹೆಸರು. ಅಲ್ಲಿ ಪೇಟೆಯೆಂಬ ಉತ್ತರಪದವಿದ್ದರೂ ವ್ಯಾಪಾರ ಮುಖ್ಯವಲ್ಲ, ಎಂದರೆ ಶಬ್ದವು ಉಳಿದು ಅರ್ಥವು ಜಾರಿತ್ತು. ಶೇಷಾದ್ರಿಪುರಕ್ಕೆ ದಿವಾನರ ಹೆಸರು. ಪ್ಲೇಗಿನ ಭಯದಲ್ಲಿ ಹುಟ್ಟಿದ ಎರಡಕ್ಕೆ ಮಾತ್ರ ದೇವರ ಹೆಸರು ಬಂದಿತು. ಭಯದಿಂದಲೇ ಈ ಹೆಸರುಗಳು ಬಂದುವೆಂದು ಹೇಳುವುದಕ್ಕೆ ಆಧಾರವಿಲ್ಲ. ಆ ಬಯಲುಗಳಲ್ಲಿ ಗುರುತಿಗೆ ಇದ್ದುದು ಗುಡಿಗಳು ಎಂಬುದೇ ಸರಳವಾದ ಸಮಾಧಾನ.

ಆ ಗುಡಿಗಳು ಬಡಾವಣೆಗಳಿಗಿಂತ ಬಹಳ ಹಳೆಯವು. ಬಯಲು ಬರಿಯ ಬಯಲಾಗಿರಲಿಲ್ಲ. ಕಾಡುಮಲ್ಲೇಶ್ವರನ ಸನ್ನಿಧಿಯಲ್ಲಿರುವ 1669ರ ಶಾಸನವು ಶಿವಾಜಿಯ ಮಲತಮ್ಮನಾದ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ಮಲ್ಲಪುರವೆಂಬ ಊರಿತ್ತು, ಮೇದರ ಹೆಸರಿನ ಹಳ್ಳಿಯಿತ್ತು, ದೇವರಿಗೆ ಭೂಮಿಯಿತ್ತು. ದಕ್ಷಿಣದಲ್ಲಿ ಸುಂಕೇನಹಳ್ಳಿ, ಅದರ ಎತ್ತರದಲ್ಲಿ ಒಂದೇ ಕಲ್ಲಿನಿಂದ ಕಡೆದ ದೊಡ್ಡ ಬಸವ, ಪಕ್ಕದಲ್ಲಿ ದೊಡ್ಡ ಗಣಪತಿ, ಇನ್ನೂ ಪಶ್ಚಿಮಕ್ಕೆ ಗವಿಗಂಗಾಧರೇಶ್ವರ. ಬಸವನಿಗೆ ಕಾರ್ತೀಕ ಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ಕೆಂಪೇಗೌಡನ ಕಾಲಕ್ಕೆ ಏರಿಸುವ ವಾಡಿಕೆಯುಂಟು. ಹೊಲವನ್ನು ಮೇಯುತ್ತಿದ್ದ ಬಸವನಿಗೆ ರೈತರು ಮೊದಲ ಫಸಲನ್ನು ಮುಡಿಪಿಟ್ಟರೆಂಬ ಕಥೆ ರಮ್ಯವಾಗಿದೆ. ಆದರೆ ಕಡಲೆಕಾಯಿ ಅಮೆರಿಕಾ ಖಂಡದಿಂದ ಬಂದ ಬೆಳೆಯೆಂಬುದನ್ನು ನೆನೆದರೆ, ಗುಡಿಯ ಪ್ರಾಚೀನತೆಯನ್ನು ಪರಿಷೆಗೂ ಹಾಗೆಯೇ ಅಂಟಿಸುವುದು ಕಷ್ಟ. ಪರಿಷೆ ಹಳೆಯದಿರಬಹುದು, ಕಾಯಿ ಆಮೇಲೆ ಬಂದು ಸೇರಿರಬಹುದು. ಏನೇ ಆಗಲಿ, ಬಡಾವಣೆಯು ಬಂದಾಗ ಹಳ್ಳಿಯ ಹೊಲವು ನಿವೇಶನವಾಯಿತು, ಹಳ್ಳಿಯವನ ಪರಿಷೆಯು ಮಾತ್ರ ಉಳಿಯಿತು. ಹೊಲ ಹೋದವರು ಎಲ್ಲಿಗೆ ಹೋದರೆಂಬುದನ್ನು ಬಡಾವಣೆಯ ವೈಭವವನ್ನು ವರ್ಣಿಸುವವರಾರೂ ಕೇಳುವುದಿಲ್ಲ.

ಈಗ ನಡಿಗೆಯ ವಿಚಾರಕ್ಕೆ ಬರಬಹುದು. ದೊಡ್ಡ ಬಸವನ ಗುಡಿಯಿಂದ ಕೋಟೆಗೆ ಸುಮಾರು ಒಂದೂವರೆ ಮೈಲಿ. ಕಾಡುಮಲ್ಲೇಶ್ವರನ ಗುಡಿಯಿಂದ ಚಿಕ್ಕಪೇಟೆಗೆ ಸುಮಾರು ಎರಡೂವರೆ. ಚೆನ್ನಾಗಿ ನಡೆಯುವವನಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ದಾರಿ. ಮದರಾಸು ಮುಂಬಯಿಗಳಲ್ಲಿದ್ದಂತೆ ಬೆಂಗಳೂರಿನ ಬೀದಿಗಳಲ್ಲಿ ಟ್ರಾಮು ಓಡಲಿಲ್ಲ. ಊರೊಳಗೆ ಕ್ರಮಬದ್ಧವಾದ ಬಸ್ಸುಗಳನ್ನು ಓಡಿಸಲು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು ತೊಡಗಿದುದು 1940ರಲ್ಲಿ. ಎಂದರೆ ಬಡಾವಣೆ ಹುಟ್ಟಿದ ಮೇಲೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯ ಗೃಹಸ್ಥನಿಗೆ ಇದ್ದುದು ಎರಡು ಕಾಲು, ಅನುಕೂಲವಿದ್ದರೆ ಜಟಕ, ಸ್ವಲ್ಪ ತಡವಾಗಿ ಬೈಸಿಕಲ್ಲು. ಬಡಾವಣೆಯನ್ನು ನಡೆಯುವವರಿಗೆಂದು ಉದ್ದೇಶಪೂರ್ವಕವಾಗಿ ರಚಿಸಿದರೆಂದು ಹೇಳುವುದು ಅತಿಶಯೋಕ್ತಿ. ನಡೆಯದೆ ಗತಿಯಿಲ್ಲದವರಿಗೆ ರಚಿಸಿದರು. ಆದುದರಿಂದ ಅದು ನಡೆಯಲು ಬಂದಿತು. ಊರಿನಿಂದ ಎರಡೂವರೆ ಮೈಲಿಗಿಂತ ಹೆಚ್ಚು ದೂರ ಹೋಗಿದ್ದರೆ ಕಛೇರಿಯವನು ಬರುತ್ತಿರಲಿಲ್ಲ. ಹತ್ತಿರವಿದ್ದಿದ್ದರೆ ಪ್ಲೇಗು ಬರುತ್ತಿತ್ತು. ಈ ಎರಡು ಅಂಜಿಕೆಗಳ ನಡುವೆ ಬಡಾವಣೆಯ ದೂರವು ನಿರ್ಣಯವಾಯಿತೆಂದು ತೋರುತ್ತದೆ.

ಒಳಗಿನ ರಚನೆಯೂ ಇದಕ್ಕೆ ಹೊಂದಿಕೊಂಡಿತು. ಮಲ್ಲೇಶ್ವರದಲ್ಲಿ ಉದ್ದಕ್ಕೆ ಸಂಪಿಗೆ ರಸ್ತೆ, ಬೇವಿನ ಹೆಸರಿನ ಮಾರ್ಗೋಸಾ ರಸ್ತೆ. ಇವನ್ನು ಕತ್ತರಿಸುವ ಅಡ್ಡರಸ್ತೆಗಳಿಗೆ ಹೆಸರಿಲ್ಲ, ಎಣಿಕೆ ಮಾತ್ರ. ಎಂಟನೆಯ ಅಡ್ಡರಸ್ತೆ ಎಂದರೆ ಹೂವು ಹಣ್ಣು ತರಕಾರಿಗಳ ಸ್ಥಳವೆಂದು ಮಗುವಿಗೂ ತಿಳಿಯುತ್ತದೆ. ಉದ್ದದ ಬೀದಿಗೆ ಮರದ ಹೆಸರನ್ನಿಟ್ಟವರು ನೆರಳಿನ ಬೆಲೆಯನ್ನು ಬಲ್ಲವರಾಗಿರಬೇಕು. ರಥದಲ್ಲಿ ಹೋಗುವವನಿಗೆ ನೆರಳು ಅಷ್ಟು ಮುಖ್ಯವಲ್ಲ. ಬಸವನಗುಡಿಯಲ್ಲಿ ಬೀದಿಗಳು ಇನ್ನಷ್ಟು ಅಗಲ. ಗಾಂಧಿಬಜಾರೆಂದು ಮುಂದೆ ಪ್ರಸಿದ್ಧವಾದ ಬೀದಿಯು ಬಡಾವಣೆಯ ನಡುವೆಯೇ ಬೆಳೆದುದರಿಂದ ಗೃಹಿಣಿಯು ಸೊಪ್ಪಿಗಾಗಿ ಪೇಟೆಗೆ ಹೋಗಬೇಕಾಗಲಿಲ್ಲ. ಪೂರ್ವದಲ್ಲಿ ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗು, ಪಶ್ಚಿಮದಲ್ಲಿ ಕಹಳೆಬಂಡೆ. ಮುಂಜಾನೆ ಒಂದಕ್ಕೆ, ಸಂಜೆ ಇನ್ನೊಂದಕ್ಕೆ ಹೋಗಿ ಬರುವುದು ಗೃಹಸ್ಥಧರ್ಮದ ಭಾಗವೇ ಆಯಿತು. ‘ವಾಕಿಂಗ್’ ಎಂಬ ಶಬ್ದವು ಬೆಂಗಳೂರಿನ ಕನ್ನಡದೊಳಕ್ಕೆ ನಡಿಗೆಗಿಂತ ಬೇರೆಯಾದ ಅರ್ಥದಲ್ಲಿ ಬಂದು ನೆಲಸಿದುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ಪೇಟೆಯವನು ನಡೆಯುತ್ತಿದ್ದುದು ಕೆಲಸಕ್ಕಾಗಿ. ಅದಕ್ಕೆ ಬೇರೆ ಹೆಸರು ಬೇಕಾಗಿರಲಿಲ್ಲ. ಕೆಲಸವಿಲ್ಲದೆ ನಡೆಯುವುದಕ್ಕೆ ಬಡಾವಣೆಯವನು ಎರವಲು ಹೆಸರನ್ನು ತಂದನು.

ಸಂಸ್ಥೆಗಳೂ ಕಾಲಿನ ಅಳತೆಯಲ್ಲಿಯೇ ಹುಟ್ಟಿದುವು. ಬಸವನ ಗುಡಿಯ ದಾರಿಯಲ್ಲಿ ಶ್ರೀರಾಮಕೃಷ್ಣ ಮಠವು 1909ರಲ್ಲಿ ತೆರೆಯಿತು. ನ್ಯಾಷನಲ್ ಹೈಸ್ಕೂಲು 1917ರಲ್ಲಿ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ನೆಲೆ ನಿಂತುದು ಚಾಮರಾಜಪೇಟೆಯಲ್ಲಿ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಬಿ. ಪಿ. ವಾಡಿಯಾರವರ ವಿಶ್ವ ಸಂಸ್ಕೃತಿ ಸಂಸ್ಥೆಯೂ ಬಸವನಗುಡಿಯಲ್ಲಿ ಆರಂಭವಾದುವು. ಡಿ. ವಿ. ಗುಂಡಪ್ಪನವರು ನಾಗಸಂದ್ರ ರಸ್ತೆಯಲ್ಲಿದ್ದರು. ಆ ರಸ್ತೆಗೆ ಈಗ ಅವರದೇ ಹೆಸರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದಲ್ಲಿದ್ದರು. ಅಲ್ಲಿಂದ ಸಂಜೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಅವರ ಆಕೃತಿಯನ್ನು ಕಂಡವರು ಬಹುಮಂದಿ. ಉತ್ತರದಲ್ಲಿ ಮಲ್ಲೇಶ್ವರದಾಚೆ ವಿಜ್ಞಾನ ಮಂದಿರವಿದ್ದುದರಿಂದ ವಿದ್ವಾಂಸರ ಇನ್ನೊಂದು ಕೂಟವು ಅಲ್ಲಿ ನೆರೆಯಿತು, ಸಿ. ವಿ. ರಾಮನ್‌ರವರ ಮನೆ ಮಲ್ಲೇಶ್ವರದಲ್ಲಿಯೇ ಇತ್ತು. ಒಂದು ಪುಸ್ತಕವನ್ನು ಹಿಂದಿರುಗಿಸಲು ಹೋದವನು ಬಾಗಿಲಲ್ಲಿ ನಿಂತು ಒಂದು ಗಂಟೆ ಮಾತನಾಡಿ ಬರುವುದು ಸಾಧ್ಯವಾಗಿದ್ದುದು ಮನೆಗಳು ಹತ್ತಿರವಿದ್ದುದರಿಂದ. ಈ ಶತಮಾನದ ಹಿಂದಿನ ಶತಮಾನದಲ್ಲಿ ಹಳೆಯ ಮೈಸೂರು ಸೀಮೆಯ ಕನ್ನಡ ಗದ್ಯವು ಪಡೆದ ಸಂಭಾಷಣೆಯ ಹದಕ್ಕೂ ಈ ಬೀದಿಗಳಿಗೂ ಸಂಬಂಧವಿದೆಯೇ ಎಂಬುದು ಸಾಹಿತ್ಯಚರಿತ್ರೆಯ ಉಪಾಧ್ಯಾಯರು ಯೋಚಿಸಬೇಕಾದ ವಿಷಯ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರವು ಅರ್ಧವಾಗುತ್ತದೆ. ಹೊಸ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚಿದುದು ಜಾತಿ ಮತಗಳ ವಿಂಗಡಣೆಯ ಮೇಲೆ. ಮಲ್ಲೇಶ್ವರದ ಭಾಗಗಳನ್ನು ಒಂದೊಂದು ಸಮುದಾಯಕ್ಕೆ ಒಂದೊಂದಾಗಿ ಗೊತ್ತುಮಾಡಿದ್ದರು. ಬಸವನಗುಡಿಯಲ್ಲಿಯೂ ಕ್ರಮವು ಇದಕ್ಕೆ ಭಿನ್ನವಾಗಿರಲಿಲ್ಲ. ಪೇಟೆಯ ಕೇರಿಗಳೂ ಜಾತಿಯ ಮೇಲೆಯೇ ಇದ್ದುವಲ್ಲವೇ ಎಂದು ಆಕ್ಷೇಪಿಸಬಹುದು. ಇದ್ದುವು, ಆದರೆ ಅಲ್ಲಿ ಕಸುಬು ಜನರನ್ನು ಗುಂಪುಗೂಡಿಸಿತ್ತು. ಗಾಣವಿದ್ದಲ್ಲಿ ಗಾಣಿಗ, ಚಕ್ರವಿದ್ದಲ್ಲಿ ಕುಂಬಾರ. ಇಲ್ಲಿ ಗಾಣವೂ ಇಲ್ಲ, ಚಕ್ರವೂ ಇಲ್ಲ. ಒಂದೇ ಕಛೇರಿಯಲ್ಲಿ ಪಕ್ಕಪಕ್ಕದ ಮೇಜುಗಳಲ್ಲಿ ಕುಳಿತು ಬರೆಯುತ್ತಿದ್ದ ಇಬ್ಬರನ್ನು ಸಂಜೆ ಬೇರೆ ಬೇರೆ ಬೀದಿಗಳಿಗೆ ಕಳುಹಿಸಿದುದು ಸರ್ಕಾರದ ನಕ್ಷೆ. ಕಸುಬಿನಿಂದ ಕಳಚಿಕೊಂಡ ಜಾತಿಯನ್ನು ನೆಲದ ಮೇಲೆ ಗೆರೆ ಎಳೆದು ಉಳಿಸಿಕೊಂಡುದು ಆರೋಗ್ಯದ ಹೆಸರಿನಲ್ಲಿ ನಡೆದ ಈ ಕಾರ್ಯದ ಒಂದು ವಿಚಿತ್ರ.

ಇದಕ್ಕಿಂತಲೂ ವಿಚಾರಾರ್ಹವಾದುದು ಹಿಂದಣ ಓಣಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಮುಂಬೀದಿಯಿಂದ ಕಾಣದಂತೆ ಹಾದುಹೋಗುವ ಕಿರಿದಾದ ದಾರಿ. ಕನ್ಸರ್ವೆನ್ಸಿ ಓಣಿಯೆಂದು ಇದಕ್ಕೆ ಹೆಸರು. ಒಳಚರಂಡಿಯಿಲ್ಲದ ಕಾಲದಲ್ಲಿ ಮಲವನ್ನು ತೆಗೆಯುವವರು ಮನೆಯೊಳಕ್ಕೆ ಬಾರದೆ, ಮುಂಬಾಗಿಲನ್ನು ಮುಟ್ಟದೆ, ಬೆಳಕು ಹರಿಯುವ ಮುಂಚೆ ಬಂದು ಹೋಗುವುದಕ್ಕಾಗಿ ಇದನ್ನು ಬಿಟ್ಟರು. ಎಂದರೆ ಈ ಬಡಾವಣೆಗಳಲ್ಲಿ ನಡಿಗೆಯ ದಾರಿಗಳು ಎರಡು ಬಗೆ: ಸಂಪಿಗೆಯ ನೆರಳಿನದು ಒಂದು, ಹಿತ್ತಿಲ ಗೋಡೆಯ ನೆರಳಿನದು ಇನ್ನೊಂದು. ಮೊದಲನೆಯದರಲ್ಲಿ ನಡೆದವರು ನೆನಪುಗಳನ್ನು ಬರೆದರು. ಅವರ ಹೆಸರು ರಸ್ತೆಗಳ ಮೇಲಿದೆ. ಎರಡನೆಯದರಲ್ಲಿ ನಡೆದವರು ಬರೆಯಲಿಲ್ಲ, ಅವರನ್ನು ಕುರಿತು ಬರೆದವರೂ ಇಲ್ಲವೆನ್ನುವಷ್ಟು ವಿರಳ. ಅವರು ಬಡಾವಣೆಯಲ್ಲಿ ವಾಸಮಾಡುವಂತಿರಲಿಲ್ಲ. ದಿನವೂ ದೂರದಿಂದ ನಡೆದೇ ಬರಬೇಕಾಗಿದ್ದಿತು. ಬಸವನಗುಡಿಯ ನಿರ್ಮಲವಾದ ಗಾಳಿಗೆ ಹೆಸರುಘಟ್ಟದ ನೀರು ಎಷ್ಟು ಕಾರಣವೋ ಅವರ ತೋಳಿನ ದುಡಿಮೆಯೂ ಅಷ್ಟೇ ಕಾರಣ.

ಇದೇ ಕಾಲದಲ್ಲಿ ದಂಡಿನ ಕಡೆ ನಡೆದ ಕೆಲಸವನ್ನು ಹೋಲಿಸಿ ನೋಡಿದರೆ ಬಸವನಗುಡಿ ಮಲ್ಲೇಶ್ವರಗಳ ಸ್ವಭಾವವು ಇನ್ನೂ ತಿಳಿಯಾಗುತ್ತದೆ. ಪ್ಲೇಗಿನ ಕ್ರಿಮಿಯನ್ನು ಯರ್ಸಿನನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದುದು 1894ರಲ್ಲಿ. ಇಲಿಯ ಮೈಮೇಲಣ ಚಿಗಟವೇ ಅದನ್ನು ಹರಡುತ್ತದೆಂದು ಸೀಮೋನನು ಹೇಳಿದುದು 1898ರಲ್ಲಿ. ಆ ಮಾತನ್ನು ಪಂಡಿತರು ಒಪ್ಪಿದುದು ಮುಂದಿನ ದಶಕದಲ್ಲಿ. ಆದುದರಿಂದ 1898ರಲ್ಲಿ ಬೀದಿ ಎಳೆದವರ ಮನಸ್ಸಿನಲ್ಲಿದ್ದ ಶತ್ರುವು ಇಲಿಯಲ್ಲ, ಕೆಟ್ಟ ಗಾಳಿ, ಇಕ್ಕಟ್ಟು, ಕತ್ತಲೆ. ಅಗಲವಾದ ಬೀದಿ, ಮನೆಗೆ ಮನೆಗೆ ನಡುವೆ ಅಂತರ, ಮರ, ಚೌಕ ಇವೆಲ್ಲ ಗಾಳಿಯ ಸಿದ್ಧಾಂತದ ಫಲ. 1910ರ ಸುಮಾರಿಗೆ ಸಿದ್ಧವಾದ, ರೆಸಿಡೆಂಟರಾಗಿದ್ದ ಸ್ಟೂಅರ್ಟ್ ಫ್ರೇಸರರ ಹೆಸರಿನ ಫ್ರೇಸರ್ ಟೌನು ಇಲಿಯ ಸಿದ್ಧಾಂತ ತಿಳಿದ ಮೇಲೆ ಹುಟ್ಟಿದ ಊರು. ಅದನ್ನು ರಚಿಸಿದ ಇಂಜಿನಿಯರು ಜೆ. ಎಚ್. ಸ್ಟೀಫೆನ್ಸರು 1914ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಪ್ಲೇಗು ತಾಗದ ನಗರರಚನೆಯೆಂದೇ ಹೆಸರಿಟ್ಟರು. ಅಲ್ಲಿ ಮನೆಯ ತಳಹದಿ, ನೆಲ, ಗೋಡೆಗಳ ಸಂದುಗಳಲ್ಲಿ ಇಲಿಗೆ ಎಡೆಯಿಲ್ಲದಂತೆ ಮಾಡುವುದೇ ಪ್ರಧಾನ. ವೈದ್ಯಶಾಸ್ತ್ರದ ದೃಷ್ಟಿಯಿಂದ ಸ್ಟೀಫೆನ್ಸರದೇ ಸರಿಯಾದ ದಾರಿ. ಆದರೆ ಇಲಿ ಹೋದ ಮೇಲೂ ಜನರಿಗೆ ಬಾಳಲು ಬೇಕಾದ ನೆರಳು, ಅಗಲ, ಬಯಲು ಇವನ್ನು ಧಾರಾಳವಾಗಿ ಕೊಟ್ಟುದು ತಪ್ಪಾದ ಸಿದ್ಧಾಂತ. ಬಸವನಗುಡಿಯ ಚೆಲುವು ಒಂದು ವೈದ್ಯಕೀಯ ತಪ್ಪಿನಿಂದ ಹುಟ್ಟಿತೆಂದರೆ ಅಲ್ಲಿಯ ಹಿರಿಯರಿಗೆ ಬೇಸರವಾಗಬಹುದು. ಸಂಗತಿಯು ಮಾತ್ರ ಹಾಗೆಯೇ ಇದೆ.

ಅನಂತರದ ಕಥೆಯನ್ನು ಬೇಗ ಹೇಳಬಹುದು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಗಿ ನೀರಿನ ಬರವು ಸ್ವಲ್ಪ ತೀರಿತು. ವಿಶ್ವೇಶ್ವರಪುರ, ಶಂಕರಪುರಗಳು ಸೇರಿ ದಕ್ಷಿಣದ ತೆರಪು ಮುಚ್ಚಿತು. 1945ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಏರ್ಪಟ್ಟು, 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. 1949ರಲ್ಲಿ ಪೇಟೆ ದಂಡುಗಳು ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದುವು. ಜಯನಗರವು ಬಸ್ಸಿನ ಕಾಲದ ಬಡಾವಣೆ. ಅದರ ದೂರವೂ ಅಳತೆಯೂ ಬೇರೆ. ಬಸವನಗುಡಿ ಮಲ್ಲೇಶ್ವರಗಳು ಊರಾಚೆಯ ಸ್ಥಳಗಳಾಗಿ ಹುಟ್ಟಿ ಐವತ್ತು ವರ್ಷಗಳಲ್ಲಿ ಊರಿನ ನಡುವಾದುವು.

ಅಂದಿನಿಂದ ಅಲ್ಲಿಯ ಹೋರಾಟವೆಲ್ಲ ಅಗಲವನ್ನು ಕುರಿತದ್ದು. ಮಂಗಳೂರು ಹೆಂಚಿನ, ಕೆಂಪು ನೆಲದ, ಮುಂದೆ ಮರದ ಜಾಲರಿಯ ಮನೆಗಳು ಅಣ್ಣತಮ್ಮಂದಿರ ಭಾಗಗಳಲ್ಲಿ ಹರಿದು ಹಂಚಿಹೋದುವು. ಒಂದು ಸಂಸಾರವಿದ್ದ ನಿವೇಶನದಲ್ಲಿ ಹತ್ತು ಸಂಸಾರಗಳ ಕಟ್ಟಡ ಎದ್ದಿತು. ನಡೆಯುವವನ ನೆರಳಿಗೆಂದು ಹೆಸರು ಪಡೆದ ಸಂಪಿಗೆ ರಸ್ತೆಯೂ ಮಾರ್ಗೋಸಾ ರಸ್ತೆಯೂ ಏಕಮುಖ ವಾಹನಪ್ರವಾಹದ ಕಾಲುವೆಗಳಾಗಿವೆ. ಮಲ್ಲೇಶ್ವರದ ತೆಂಕಣ ತುದಿಯಲ್ಲಿ ಹಳೆಯ ರಾಜಾ ಮಿಲ್ಲಿದ್ದ ನೆಲದ ಮೇಲೆ ದೊಡ್ಡ ಮಳಿಗೆಯೊಂದು ನಿಂತಿದೆ. ಮೆಟ್ರೋ ರೈಲು ಸಂಪಿಗೆ ರಸ್ತೆಯ ತುದಿಗೆ 2014ರಲ್ಲಿಯೂ, ನ್ಯಾಷನಲ್ ಕಾಲೇಜು ಲಾಲ್‌ಬಾಗುಗಳ ಬಳಿಗೆ 2017ರಲ್ಲಿಯೂ ಬಂದಿತು. ರೈಲಿನಿಂದ ಇಳಿದವನು ಮನೆಗೆ ಮತ್ತೆ ನಡೆದೇ ಹೋಗಬೇಕಾದುದರಿಂದ, ನೂರ ಇಪ್ಪತ್ತು ವರ್ಷಗಳ ಹಿಂದಿನ ಅಡ್ಡರಸ್ತೆಗಳು ಅವನಿಗೆ ಮತ್ತೆ ಉಪಯೋಗಕ್ಕೆ ಬಂದಿವೆ.

ಹಿಂದಣ ಓಣಿಗಳ ಗತಿಯೂ ವಿಚಿತ್ರವಾಗಿದೆ. ಒಳಚರಂಡಿ ಬಂದ ಮೇಲೆ ಅವುಗಳ ಮೊದಲ ಪ್ರಯೋಜನ ತೀರಿತು. ಕೆಲವು ಕಸದ ಗುಂಡಿಗಳಾದುವು. ಕೆಲವನ್ನು ಅಕ್ಕಪಕ್ಕದವರು ಗೋಡೆ ಸರಿಸಿ ಒಳಗೆ ಹಾಕಿಕೊಂಡರು. ಕೆಲವನ್ನು ಈಚೆಗೆ ಗುಡಿಸಿ, ಗೋಡೆಗೆ ಬಣ್ಣ ಬಳಿದು, ವಾಹನವಿಲ್ಲದ ಕಾಲುದಾರಿಗಳನ್ನಾಗಿ ಮಾಡಿದ್ದಾರೆ. ಯಾರು ಮುಂಬೀದಿಯಲ್ಲಿ ಬರಬಾರದೆಂದು ಆ ದಾರಿಯನ್ನು ಬಿಟ್ಟಿದ್ದರೋ ಅವರ ನೆನಪಿನ ಗುರುತು ಆ ಗೋಡೆಗಳಲ್ಲಿ ಎಲ್ಲಿಯೂ ಇಲ್ಲ. ಮುಂಬೀದಿಗಳು ಸಾಲದೆ ಬಂದಾಗ ಬಡಾವಣೆಯ ಜನರು ಹಿತ್ತಿಲ ಬಾಗಿಲನ್ನು ತೆರೆದು ಅದೇ ಓಣಿಯಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದಾರೆ. ಮೊದಲ ನಕ್ಷೆಗಳನ್ನು ಮುಂದಿಟ್ಟುಕೊಂಡು ಈ ಓಣಿಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಗೋಡೆಯೊಳಗೆ ಸೇರಿವೆ ಎಂಬುದನ್ನು ಬೀದಿ ಬೀದಿಯಾಗಿ ಅಳೆದು ನೋಡಬೇಕು. ಗುಡಿಗಳ ಶಾಸನಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಆ ಅಳತೆಯ ಕೆಲಸವು ನಡೆಯಬೇಕಾಗಿದೆ.